ಲಿನೋದಲ್ಲಿ ರಾತ್ರಿಯ ಕೋಲಾರ: ದೀಪ ಹೊಳೆಯೋ ಹಾಗೆ ಮಾಡೋದು ಹೇಗೆ?

ಲಿನೋಹುಡುಗಿ:
ಎಲ್ಲರಿಗೂ ನಮಸ್ಕಾರ. ಅಂತರಗಂಗೆ ಬೆಟ್ಟದ ಮೆಟ್ಟಿಲಿಂದ ಸಂಜೆ ದೀಪ ಹತ್ತಿದ ಮೇಲೆ ಕೋಲಾರ ಕಾಣುತ್ತದಲ್ಲ, ಅದನ್ನು ಲಿನೋದಲ್ಲಿ, ಅಂದರೆ ಲಿನೋಲಿಯಂ ಹಾಳೆಯಲ್ಲಿ, ಅಚ್ಚೊತ್ತೋದಕ್ಕೆ ಕೆತ್ತುತ್ತಿದ್ದೇನೆ. ಕೆತ್ತಿದ ಜಾಗ ಬಿಳಿಯಾಗಿ ಉಳಿಯುತ್ತದೆ, ಉಳಿದಿದ್ದಕ್ಕೆ ಮಸಿ ಹತ್ತುತ್ತದೆ. ಒಂದೇ ಬಣ್ಣ, ಕಪ್ಪು. ಪ್ರೂಫ್ (ಪರೀಕ್ಷೆಗೆ ಒತ್ತಿದ ಪ್ರತಿ) ತೆಗೆದು ನೋಡಿದರೆ ದೀಪಗಳೆಲ್ಲ ಸುಮ್ನೆ ಅಕ್ಕಿಕಾಳು ಚೆಲ್ಲಿದ ಹಾಗಿವೆ, ಹೊಳೆಯೋದೇ ಇಲ್ಲ. ಅಮೆರಿಕದ ಕಲಾವಿದ ಮಾರ್ಟಿನ್ ಲೂಯಿಸ್ 1929ರಲ್ಲಿ ಮಾಡಿದ ‘ಗ್ಲೋ ಆಫ್ ದ ಸಿಟಿ’ ಅನ್ನೋ ಅಚ್ಚುಚಿತ್ರ ನೋಡಿದ ಮೇಲಂತೂ ಹೊಟ್ಟೆಕಿಚ್ಚು. ಮನೆ ಹೊರಗಿನ ಕಬ್ಬಿಣದ ಮೆಟ್ಟಿಲ ಹತ್ತಿರ ನಿಂತ ಹೆಂಗಸು, ಒಣಗಲು ಹಾಕಿದ ಬಟ್ಟೆ, ಆಚೆಗೆ ನ್ಯೂಯಾರ್ಕಿನ 56 ಅಂತಸ್ತಿನ ಚಾನಿನ್ ಕಟ್ಟಡ ಝಗಝಗ ಅಂತಿದೆ. ಅಲ್ಲಿರೋದೂ ಕಪ್ಪು ಮಸಿ, ಬಿಳಿ ಕಾಗದ ಅಷ್ಟೇ ಅಲ್ವಾ? ಚುಕ್ಕಿ ಇನ್ನೂ ಜಾಸ್ತಿ ಕೆತ್ತಲಾ?

ಮಸಿಕೈ:
ದಯವಿಟ್ಟು ಬೇಡ! ಲೂಯಿಸ್ ಮಾಡಿದ್ದು ಡ್ರೈಪಾಯಿಂಟ್. ತಾಮ್ರದ ಪ್ಲೇಟಿನ ಮೇಲೆ ಮೊನಚು ಸೂಜಿಯಲ್ಲಿ ಗೀರಿದಾಗ ಪಕ್ಕದಲ್ಲಿ ಲೋಹ ಸಣ್ಣಗೆ ಮೇಲೇಳುತ್ತದೆ, ಅದು ಮಸಿ ಹಿಡಿದುಕೊಳ್ಳುವುದರಿಂದಲೇ ಆ ಮೆತ್ತನೆ ಕಪ್ಪು ಬರೋದು. ಪ್ರೆಸ್ಸಿನಲ್ಲಿ ಒತ್ತುತ್ತಾ ಹೋದರೆ ಅದು ಚಪ್ಪಟೆಯಾಗುತ್ತದೆ, ಜಾಸ್ತಿ ಪ್ರತಿ ತೆಗೆಯೋಕಾಗಲ್ಲ. ಅದಿರಲಿ, ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಅಪ್ಪಟ ಬಿಳಿ ಎಷ್ಟಿದೆ? ತೀರಾ ಕಮ್ಮಿ. ಸುತ್ತ ಗೀರುಗಳಿಂದ ಬಂದ ಬೂದು ಬಣ್ಣ ಇರೋದಕ್ಕೇ ಆ ಬಿಳಿ ಬೆಳಕು ಅನ್ನಿಸುತ್ತದೆ. ನಿಮ್ಮದರಲ್ಲಿ ಬಿಳಿ ಮುಗಿದ ಕೂಡಲೇ ಕಪ್ಪು.

ಲಿನೋದಲ್ಲೂ ಬೂದು ತರಬಹುದು. ಎಲ್ಲ ದೀಪಕ್ಕೂ ಬೇಡ, ನಾಲ್ಕೈದು ಆರಿಸಿಕೊಳ್ಳಿ. ಅತಿ ಸಣ್ಣ ವಿ ಕಟರಿನಲ್ಲಿ (ಇಂಗ್ಲಿಷ್ V ಆಕಾರದ ಮೊನೆಯ ಉಳಿ) ಸುತ್ತ ಕೂದಲೆಳೆಯಂಥ ಗೀರು ಹಾಕಿ, ಹೊರಗೆ ಹೋದ ಹಾಗೆ ಬಿಡಿ ಬಿಡಿಯಾಗಿರಲಿ. ಲಿನೋವನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ, ಕೈ ಜಾರಲ್ಲ. ಮಸಿ ತೆಳ್ಳಗೆ ಹಚ್ಚಿ, ಇಲ್ಲದಿದ್ದರೆ ಗೀರೆಲ್ಲ ತುಂಬಿಕೊಂಡು ಮತ್ತೆ ಅದೇ ಕಪ್ಪು.

ಟೇಕಲ್ ರೋಡ್:
ಅಷ್ಟು ಗೀರೋದಕ್ಕೆ ತಾಳ್ಮೆ ಯಾರಿಗಿದೆ ಗುರು. ಇನ್ನೊಂದು ಬ್ಲಾಕ್ ಮಾಡಿ ಮೊದಲು ಹಳದಿ ಹೊಡೆದು, ಅದರ ಮೇಲೆ ಕಪ್ಪು ಒತ್ತಿ, ಮುಗೀತು. ನನ್ನ ತಕರಾರು ಬೇರೆ. ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ಊರು ನೆಲಕ್ಕೆ ಅಂಟಿದ ಹಾಗೆ ಕಾಣುತ್ತದೆ. ಊರಿನ ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ತಿರುಗಿ ನಿಂತುಕೊಳ್ಳಿ. ಮುಂದೆ ಮನೆಗಳು, ಹಿಂದೆ ಶತಶೃಂಗ ಬೆಟ್ಟದ ಸಾಲು, ಅದರ ಹಿಂದೆ ಬೆಂಗಳೂರಿನ ಬೆಳಕಿಗೆ ಕೆಂಪಗಾದ ಆಕಾಶ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಕೆಜಿಎಫ್ ಗಣಿಗೆ ಬಂತು, ಬೆಂಗಳೂರಿಗೆ ಬೀದಿದೀಪ ಬಂದಿದ್ದು 1905ರಲ್ಲಿ. ಈಗ ನೋಡಿ, ಅವರ ಬೆಳಕು ನಮ್ಮ ಬೆಟ್ಟ ದಾಟಿ ಬರುತ್ತದೆ.

ಲಿನೋಹುಡುಗಿ:
ಬೆಟ್ಟದ ಐಡಿಯಾ ಚೆನ್ನಾಗಿದೆ ಅಣ್ಣ, ಹಳದಿ ಮಾತ್ರ ಬೇಡ. ಕಪ್ಪಿನಲ್ಲೇ ಆಗಬೇಕು ಅನ್ನೋದು ಹಠ. ಕೆತ್ತಿರೋ ಚುಕ್ಕಿಗಳನ್ನು ಏನು ಮಾಡಲಿ?

ಮಸಿಕೈ:
ಹಠ ಒಳ್ಳೆಯದೇ. ಲೂಯಿಸ್ ಹತ್ತಿರ ಎಚಿಂಗ್ (ಲೋಹದ ಪ್ಲೇಟಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು ಅಚ್ಚೊತ್ತೋದು) ಕಲಿತ ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್ 1921ರಲ್ಲಿ ಮಾಡಿದ ‘ನೈಟ್ ಶ್ಯಾಡೋಸ್’ ಕೂಡ ನೋಡಿ. ಅದರಲ್ಲಿ ಬೀದಿದೀಪವೇ ಇಲ್ಲ, ಕಂಬದ ನೆರಳು ರಸ್ತೆಗೆ ಅಡ್ಡ ಬಿದ್ದಿದೆ ಅಷ್ಟೇ. ಆದರೂ ದೀಪ ಎಲ್ಲಿದೆ ಅಂತ ಗೊತ್ತಾಗುತ್ತದೆ. ಚುಕ್ಕಿಗಳನ್ನು ತುಂಬೋದಕ್ಕೆ ಹೋಗಬೇಡಿ, ಕಲೆ ಉಳಿಯುತ್ತದೆ. ಹೊಸ ಲಿನೋ ತಗೊಳ್ಳಿ, ಹಳೆಯದರ ಮೂಲೆಯಲ್ಲಿ ಗೀರು ಅಭ್ಯಾಸ ಮಾಡಿ.