ಹಲ್ಲಿನ ಸಿಮೆಂಟಿನ ‘ಸೀಲ್’: ಕನ್ನಡ ಪದ ಬೇಕು, ತುರ್ತು

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ದಂತವೈದ್ಯ ಕಾಲೇಜೊಂದರ ಹೊರರೋಗಿ ವಿಭಾಗಕ್ಕೆ ಗೋಡೆಫಲಕ ಬರೆದುಕೊಡುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಹಲ್ಲಿನ ಬಣ್ಣದ ಸಿಮೆಂಟ್ ತುಂಬುವ ಮೊದಲು ಹಚ್ಚುವ ಅಂಟು ಅಂಚನ್ನು ಎಷ್ಟರಮಟ್ಟಿಗೆ ‘ಸೀಲ್’ ಮಾಡುತ್ತದೆ ಎಂಬುದು ವಿಷಯ. ಕೈಗೆ ಬಂದ ಕರಡಿನಲ್ಲಿ ‘ಅಂಟು ಅಂಚನ್ನು ಮುದ್ರಿಸುತ್ತದೆ’ ಎಂದಿದೆ. ರೋಗಿಗೆ ಇದರಿಂದ ಏನೂ ತಿಳಿಯದು. ಅಂಚಿನ ಸಂದಿನಿಂದ ಬಾಯಿಯ ನೀರು ಒಳಗಿಳಿಯುವ ‘ಮೈಕ್ರೋಲೀಕೇಜ್’ಗೂ ಒಂದು ಪದ ಬೇಕು.

ಉತ್ತರ 1:
‘ಮುದ್ರಿಸುತ್ತದೆ’ ತಪ್ಪು. ಮುದ್ರೆ, ಮೊಹರು ಎರಡೂ ಒತ್ತಿದ ಗುರುತಿಗೆ ಸಲ್ಲುವ ಮಾತುಗಳು. ಒಂದು ಸಂಸ್ಕೃತದ್ದು, ಇನ್ನೊಂದು ಪಾರಸಿಯದ್ದು. ‘ಬೆಸುಗೆ’ ಎಂದು ಬರೆಯಿರಿ, ಬೆಸೆ ಎಂಬ ಅಚ್ಚಗನ್ನಡ ಧಾತು ಇರುವಾಗ ಬೇರೆ ಹುಡುಕಾಟ ಏಕೆ? ‘ಅಂಟು’ ಬೇಡ, ಅಂಟುಜಾಡ್ಯ ನೆನಪಾಗುತ್ತದೆ. ಹಲ್ಲಿನ ಹೊರಪದರಕ್ಕೆ ಬಳಸುವ ಎನಾಮೆಲ್ ಎಂಬ ಪದವನ್ನೂ ತೆಗೆದು ‘ಹಲ್ಲುಹೊದಿಕೆ’ ಮಾಡಿ.

ಉತ್ತರ 2:
ಮೇಷ್ಟ್ರೇ, ನಾನು ದಂತವೈದ್ಯೆ. ಬೆಸುಗೆಯನ್ನು ಒಪ್ಪಲಾರೆ. ಕಾವಿಲ್ಲದೆ ಬೆಸುಗೆಯಿಲ್ಲ, ಇಲ್ಲಿ ಯಾವುದೂ ಕಾಯುವುದಿಲ್ಲ, ಕರಗಿ ಬೆರೆಯುವುದಿಲ್ಲ. ಫಾಸ್ಫಾರಿಕ್ ಆಮ್ಲ ಹಚ್ಚಿ ಎನಾಮೆಲನ್ನು ತರಿತರಿ ಮಾಡಿದರೆ ಅಂಟಿನ ಮೂಲವಸ್ತುವಾದ ರಾಳ ಗಟ್ಟಿಯಾಗಿ ಹಿಡಿಯುತ್ತದೆ ಎಂದು 1955ರಲ್ಲಿ ಅಮೆರಿಕದ ದಂತವೈದ್ಯ ಸಂಶೋಧಕ ಮೈಕೆಲ್ ಬ್ಯುನೊಕೋರ್ ತೋರಿಸಿದರು. ರಾಳ ಆ ಸಣ್ಣ ಕುಳಿಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಎನಾಮೆಲ್ ತೂಕದಲ್ಲಿ ಶೇ 96ರಷ್ಟು ಖನಿಜ, ಆದ್ದರಿಂದ ಅಲ್ಲಿ ಹಿಡಿತ ಭದ್ರ. ಒಳಗಿನ ಡೆಂಟಿನ್ ಸುಮಾರು ಶೇ 70 ಖನಿಜ. ಉಳಿದದ್ದು ಹೆಚ್ಚಾಗಿ ಕೊಲಾಜೆನ್ ಎಂಬ ಪ್ರೋಟೀನಿನ ಎಳೆ ಮತ್ತು ನೀರು. ರಾಳ ಆ ಎಳೆಗಳ ನಡುವೆ ಹೊಕ್ಕು ಮಿಶ್ರಪದರವಾಗುತ್ತದೆ ಎಂದು 1982ರಲ್ಲಿ ಜಪಾನಿನ ಸಂಶೋಧಕ ನಕಬಯಾಶಿ ವಿವರಿಸಿದರು. ತೇವದಲ್ಲಿ ವರ್ಷಗಟ್ಟಲೆ ಇದ್ದು ಆ ಪದರ ಶಿಥಿಲವಾಗುತ್ತದೆ. ಸಾಲದ್ದಕ್ಕೆ, ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಸಿಮೆಂಟ್ ಗಾತ್ರದಲ್ಲಿ ಶೇ 2–3ರಷ್ಟು ಕುಗ್ಗಿ ಅಂಚನ್ನು ಒಳಕ್ಕೆ ಎಳೆಯುತ್ತದೆ. ವಸಡಿನ ಬಳಿ ಎನಾಮೆಲ್ ಇಲ್ಲದ ಕಡೆ ಸಂದು ಬಿಡುವುದು ಹೆಚ್ಚು.

ಸಿಮೆಂಟ್ ಬೀಳದೆ ಕುಳಿತಿದ್ದರೂ ಅಂಚಿನಲ್ಲಿ ಬಾಯಿಯ ನೀರು ಜಿನುಗುತ್ತಿರಬಹುದು. ಹಿಡಿತ ಬೇರೆ, ಸಂದು ಮುಚ್ಚುವುದು ಬೇರೆ. ರೋಗಿಗೆ ತಿಳಿಯಬೇಕಾದದ್ದು ಇದೇ, ‘ಬೆಸುಗೆ’ ಇದನ್ನೇ ಮರೆಮಾಡುತ್ತದೆ. ಪ್ರಯೋಗಾಲಯದಲ್ಲಿಯೂ ಸಿಮೆಂಟ್ ತುಂಬಿದ ಕಿತ್ತ ಹಲ್ಲನ್ನು 5 ಮತ್ತು 55 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಮತ್ತೆ ಮತ್ತೆ ಅದ್ದಿ, ಬಣ್ಣದಲ್ಲಿ ನೆನೆಸಿ, ಸೀಳಿ, ಬಣ್ಣ ಎಷ್ಟು ಒಳಗಿಳಿದಿದೆ ಎಂದು ನೋಡುತ್ತಾರೆ. ಮೈಕ್ರೋಲೀಕೇಜ್‌ಗೆ ‘ಅಂಚಿನ ಜಿನುಗು’ ಸಾಕು. ಎನಾಮೆಲ್ ಇರಲಿ, ಶಾಲೆಯ ಮಕ್ಕಳೂ ಅದನ್ನೇ ಓದುತ್ತಾರೆ.

ಉತ್ತರ 1:
ಮನಸ್ಸುಗಳನ್ನು ಬೆಸೆಯುವಾಗ ಯಾರು ಕಾಯಿಸಿದರು? ಇನ್ನು ‘ಜಿನುಗು’ ಹೊರಬರುವ ನೀರಿನ ಮಾತು. ಒಳಕ್ಕೆ ಹೋಗುವುದು ‘ಇಂಗು’. ಮಕ್ಕಳು ಓದುತ್ತಾರೆ ಎಂಬುದು ವಾದವಲ್ಲ. ಪಠ್ಯ ಬರೆದವರು ಎರವಲು ತಂದರು, ಈಗ ಅದನ್ನೇ ಬಳಕೆಯ ಸಾಕ್ಷಿ ಎನ್ನುತ್ತೀರಿ. ಹೀಗೆಯೇ ಕನ್ನಡದ ವೈದ್ಯಕೀಯ ನುಡಿ ಹುಟ್ಟುವ ಮೊದಲೇ ಸತ್ತಿತು.

ಉತ್ತರ 2:
ಹಲ್ಲುನೋವಿಗೆ ಕುಳಿಯಲ್ಲಿ ಇಂಗು ಒತ್ತಿಕೊಂಡು ಬರುವವರಿದ್ದಾರೆ. ಆ ಪದವನ್ನು ನಮ್ಮ ಫಲಕದಲ್ಲಿ ಬರೆಯಲು ಬಿಡುವುದಿಲ್ಲ. ‘ಒಳಗೆ ಜಿನುಗು’ ಎಂದರೆ ದಿಕ್ಕೂ ಸ್ಪಷ್ಟ. ಕೇಳಿದವರು ಹೀಗೆ ಬರೆಯಬಹುದು: ‘ಈ ಅಂಟು ಸಿಮೆಂಟನ್ನು ಹಲ್ಲಿಗೆ ಹಿಡಿಸುತ್ತದೆ, ಬಾಯಿಯ ನೀರು ಒಳಗೆ ಜಿನುಗದಂತೆ ಅಂಚಿನ ಸಂದನ್ನು ಮುಚ್ಚುತ್ತದೆ. ವರ್ಷಗಳು ಕಳೆದಂತೆ ಸಂದು ಬಿಡಬಹುದು. ಅಂಚು ಕಪ್ಪಾದರೆ, ತಣ್ಣೀರಿಗೆ ಹಲ್ಲು ಜುಮ್ಮೆಂದರೆ ತೋರಿಸಿ.’

ಪ್ರಶ್ನೆ ಕೇಳಿದವರು:
ಮೇಡಂ, ಇದನ್ನೇ ಅಚ್ಚಿಗೆ ಕಳುಹಿಸುತ್ತೇನೆ. ಮೇಷ್ಟ್ರೇ, ‘ಮುದ್ರಿಸುತ್ತದೆ’ ಹೋಯಿತು, ಎನಾಮೆಲ್ ಉಳಿಯಿತು.

ಉತ್ತರ 1:
ಮುಚ್ಚು, ಸಂದು, ಜಿನುಗು ಎಲ್ಲವೂ ನಮ್ಮವೇ, ಅಷ್ಟಕ್ಕೆ ಒಪ್ಪಿದೆ. ಎನಾಮೆಲ್ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.