‘ಬಳಸದ’ ಅಂದರೆ ಯಾವಾಗ ಬಳಸದ?

ಎಲ್ಲರಿಗೂ ನಮಸ್ಕಾರ. ವೆಬ್ ಪುಟಗಳ ಬಣ್ಣ, ಅಳತೆ, ಅಂದ ಹೇಳುವ ಸ್ಟೈಲ್‌ಶೀಟ್ (ಸಿಎಸ್‌ಎಸ್) ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದೇನೆ.

ಮೊದಲನೆಯದು ‘ಸವರು’. ಬೇಡದ ಸಿಎಸ್‌ಎಸ್ ಸಾಲುಗಳನ್ನು ತೆಗೆಯುವ ಪರ್ಜ್‌ಸಿಎಸ್‌ಎಸ್, ಅನ್‌ಸಿಎಸ್‌ಎಸ್ ಥರದ ಟೂಲ್‌ಗಳ ಕೆಲಸಕ್ಕೆ ಈ ಮಾತು ಹಾಕಿದೆ. ನಮ್ಮ ಬದಿಯಡ್ಕ ಕಡೆ ಸವರುವುದು ಅಂದರೆ ಅಡಿಕೆ ತೋಟದಲ್ಲಿ ಕತ್ತಿ ಹಿಡಿದು ಕಾಡು, ಬಳ್ಳಿ ಕಡಿದು ಚೊಕ್ಕ ಮಾಡುವುದು. ಕರಡು ಓದಿದ ಬೆಂಗಳೂರಿನ ಗೆಳತಿಗೆ ತಲೆಗೆ ಎಣ್ಣೆ ಸವರುವುದು ಮಾತ್ರ ಗೊತ್ತಂತೆ. ‘ಕೊಂಬೆ ಸವರು’ ನಿಮ್ಮ ಕಡೆ ಇದೆಯಾ?

ಎರಡನೆಯದೇ ದೊಡ್ಡ ತೊಡಕು. ‘ಬಳಸದ ಸಾಲು’ ಅಂತ ಬರೆದೆ. ‘ಬಳಸಿದ’, ‘ಬಳಸುವ’ ಅನ್ನುವಾಗ ಕಾಲ ಗೊತ್ತಾಗುತ್ತದೆ, ‘ಬಳಸದ’ ಅನ್ನುವುದಕ್ಕೆ ಕಾಲವೇ ಇಲ್ಲ ಅಲ್ವಾ? ನಿನ್ನೆ ಬಳಸದ್ದೂ ಅದೇ, ಮುಂದೆಂದೂ ಬಳಸದ್ದೂ ಅದೇ. ಇದು ಸುಮ್ನೆ ವ್ಯಾಕರಣದ ಮಾತಲ್ಲ. ಕ್ರೋಮ್‌ನ ಕವರೇಜ್‌ನಲ್ಲಿ (ಯಾವ ಸಾಲು ಬಳಕೆಯಾಗಿದೆ ಅಂತ ತೋರಿಸುವ ಬ್ರೌಸರಿನ ಸಾಧನ) ಕೆಂಪಾಗಿ ಕಾಣುವ ಸಾಲು ಆ ಕ್ಷಣದವರೆಗೆ ಕೆಲಸಕ್ಕೆ ಬಂದಿಲ್ಲ, ಅಷ್ಟೇ. ಮೆನು ಒತ್ತಿದ ಕೂಡಲೇ ಅದೇ ಸಾಲು ಬೇಕಾಗಬಹುದು.

ಊರಿನ ಒಂದು ವಾಚನಾಲಯದ ಪುಟದಲ್ಲಿ ನನಗೇ ಹೀಗಾಯಿತು. ಅರ್ಜಿಯಲ್ಲಿ ಫೋನ್ ನಂಬರ್ ತಪ್ಪಿದರೆ ಅದರ ಸುತ್ತ ಕೆಂಪು ಗೆರೆ ಬರಬೇಕು. ಸಿಎಸ್‌ಎಸ್ ಸಾಲನ್ನು ಪುಟದ ಭಾಗಕ್ಕೆ ಜೋಡಿಸುವ ಹೆಸರಿಗೆ ಕ್ಲಾಸ್ ಅನ್ನುತ್ತಾರೆ. ಆ ಕ್ಲಾಸಿನ ಹೆಸರನ್ನು ನಾನು ಇಡಿಯಾಗಿ ಎಲ್ಲೂ ಬರೆದಿರಲಿಲ್ಲ, ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟ್ ಕೋಡ್ ‘ಫೀಲ್ಡ್-’ ಅನ್ನುವುದಕ್ಕೆ ‘ಎರರ್’ ಜೋಡಿಸಿ ಬೇಕಾದಾಗ ಮಾಡಿಕೊಳ್ಳುತ್ತಿತ್ತು. ಫೈಲುಗಳಲ್ಲಿ ಹೆಸರು ಹುಡುಕುವ ಟೂಲಿಗೆ ಅದು ಕಾಣಲಿಲ್ಲ, ಸಾಲು ಹೋಯಿತು. ಅರ್ಜಿ ತುಂಬಿದವರು ಬಟನ್ ಒತ್ತಿ ಒತ್ತಿ ಕಾದರು, ತಪ್ಪೆಲ್ಲಿ ಅಂತ ತಿಳಿಯಲಿಲ್ಲ. ಹಿರಿಯರೊಬ್ಬರು ಎರಡು ದಿನ ನೋಡಿ ಕೊನೆಗೆ ಕಾಗದದಲ್ಲಿ ಬರೆದು ತಂದುಕೊಟ್ಟರು. ನನಗೆ ತುಂಬ ಬೇಸರವಾಯಿತು.

ಹಾಗಂತ ಟೂಲ್ ಬೇಡ ಅನ್ನುತ್ತಿಲ್ಲ. ಬೂಟ್‌ಸ್ಟ್ರ್ಯಾಪ್ ಅನ್ನುವ ಸಿದ್ಧ ಸಿಎಸ್‌ಎಸ್ ಕಟ್ಟನ್ನು ಇಡೀ ತಂದಿಟ್ಟು ನಾಲ್ಕೈದು ಬಟನ್ ಮಾತ್ರ ಬಳಸುವ ಕಡೆ ಇದರಿಂದ ಫೈಲ್ ಎಷ್ಟೋ ಸಣ್ಣದಾಗುತ್ತದೆ. ಬದಲಾಗುತ್ತಿರುವ ಪುಟದಲ್ಲೂ ನಡೆಯುತ್ತದೆ, ಆದರೆ ಕ್ಲಾಸಿನ ಹೆಸರುಗಳನ್ನು ಪೂರ್ತಿ ಬರೆದಿಡಬೇಕು, ಇಲ್ಲವೇ ತೆಗೆಯಬಾರದು ಅಂತ ಟೂಲಿಗೆ ಹೇಳುವ ಸೇಫ್‌ಲಿಸ್ಟಿಗೆ ಸೇರಿಸಬೇಕು, ಆಮೇಲೆ ಪ್ರತಿ ಬಟನ್, ಪ್ರತಿ ತಪ್ಪು ಸಂದೇಶ ನಾವೇ ಒತ್ತಿ ನೋಡಬೇಕು.

ಕೈಪಿಡಿ ಓದುವವರಿಗೆ ಈ ವ್ಯತ್ಯಾಸ ಪದದಲ್ಲೇ ಕಾಣಬೇಕು ಅಂತ ನನ್ನ ಆಸೆ. ಟೂಲ್ ತೋರಿಸುವ ಸಾಲಿಗೆ ‘ಇದುವರೆಗೆ ಬಳಸಿರದ’, ನಿಜಕ್ಕೂ ತೆಗೆಯಬಹುದಾದ್ದಕ್ಕೆ ‘ಬೇಡದ’ ಅಂತ ಬರೆಯಲಾ? ಮೊದಲನೆಯದು ಉದ್ದ ಜಾಸ್ತಿ ಆಯ್ತು ಅನ್ನಿಸುತ್ತದೆ. ಸೇಫ್‌ಲಿಸ್ಟಿಗೆ ‘ಉಳಿಸುವ ಪಟ್ಟಿ’ ಹಾಕಿದ್ದೇನೆ. ಇನ್ನೂ ಚಿಕ್ಕ ಮಾತು ನಿಮ್ಮ ಊರಲ್ಲಿದ್ದರೆ ದಯವಿಟ್ಟು ತಿಳಿಸಿ.