ಸಹಾಯ ಬೇಕು: ಎಕ್ಸ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ಮೌಂಟ್ ಆಗ್ತಿಲ್ಲ

ನಮಸ್ಕಾರ. ನಮ್ಮ ಅಂಗಡಿಯ ಲೆಕ್ಕದ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಡೇಟಾ ಎಲ್ಲ ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂನಲ್ಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ), ಅದರ ಕೆಳಗೆ ಡಿಸ್ಕ್ ಜಾಗ ಹಂಚಿಕೊಡುವ ಎಲ್‌ವಿಎಂ. ನಿನ್ನೆ ಅಪ್‌ಡೇಟ್ ಮಾಡುವ ಮುಂಚೆ 5 ಜಿಬಿಯ ಸ್ನ್ಯಾಪ್‌ಶಾಟ್ (ಡೇಟಾ ಆ ಕ್ಷಣದಲ್ಲಿ ಹೇಗಿತ್ತೋ ಅದರ ನಕಲು) ತೆಗೆದಿಟ್ಟಿದ್ದೆ. ಆಮೇಲೆ ಏನನ್ನೋ ಅಳಿಸಲು ಹೋಗಿ ಮಾರ್ಚ್ ತಿಂಗಳ ಬಿಲ್ಲುಗಳ ಫೋಲ್ಡರನ್ನೇ ಅಳಿಸಿಬಿಟ್ಟೆ. ತಪ್ಪು ನನ್ನದೇ, ಬೈಬೇಡಿ!

ಆ ಫೋಲ್ಡರ್ ವಾಪಸ್ ತೆಗೆಯಲು ಸ್ನ್ಯಾಪ್‌ಶಾಟ್ ಮೌಂಟ್ ಮಾಡಿದರೆ (ಅದರ ಫೈಲುಗಳು ಕಾಣುವಂತೆ ಸಿಸ್ಟಂಗೆ ಜೋಡಿಸಿದರೆ) ‘ರಾಂಗ್ ಎಫ್‌ಎಸ್ ಟೈಪ್’ ಅನ್ನುತ್ತದೆ. ಕರ್ನಲ್ ಲಾಗ್ ನೋಡಿದರೆ ‘ಡೂಪ್ಲಿಕೇಟ್ ಯುಯುಐಡಿ’ ಅಂತ ಒಂದು ಸಾಲು. ಯುಯುಐಡಿ ಅಂದರೆ ಫೈಲ್ ಸಿಸ್ಟಂನ ಗುರುತಿನ ಸಂಖ್ಯೆ. ಮೂಲಕ್ಕೂ ನಕಲಿಗೂ ಒಂದೇ ಯುಯುಐಡಿ ಇರುತ್ತದೆ ಅಲ್ವಾ, ಎರಡನ್ನೂ ಒಟ್ಟಿಗೆ ಮೌಂಟ್ ಮಾಡಲು ಎಕ್ಸ್‌ಎಫ್‌ಎಸ್ ಬಿಡುವುದಿಲ್ಲ. ಈ ತಡೆ ಬಿಡಿಸುವ ‘ನೋಯುಯುಐಡಿ’ ಆಪ್ಷನ್ ಹಾಕಬೇಕು ಅಂತ ಗೊತ್ತು. ನನ್ನ ಭಯ ಬೇರೆ. ಮೌಂಟ್ ಆಗುವಾಗ ಜರ್ನಲ್ ರೀಪ್ಲೇ (ಬಾಕಿ ಬದಲಾವಣೆಗಳ ದಾಖಲೆಯನ್ನು ಮತ್ತೆ ಜಾರಿ ಮಾಡುವುದು) ಆದರೆ ಸ್ನ್ಯಾಪ್‌ಶಾಟ್‌ಗೇ ಬರೆಯುತ್ತದೆ. ಅದು ಈಗಲೇ ಶೇ. 83 ತುಂಬಿದೆ. ಪೂರ್ತಿ ತುಂಬಿದರೆ ಸ್ನ್ಯಾಪ್‌ಶಾಟೇ ಕೆಟ್ಟುಹೋಗುತ್ತದೆ.

ಮೊದಲು ಎಲ್‌ವಿಎಕ್ಸ್‌ಟೆಂಡ್ ಕಮಾಂಡಿನಿಂದ ಸ್ನ್ಯಾಪ್‌ಶಾಟ್‌ನ ಜಾಗ ಹೆಚ್ಚಿಸಲೇ? ವಾಲ್ಯೂಮ್ ಗ್ರೂಪಿನಲ್ಲಿ (ಎಲ್‌ವಿಎಂನ ಒಟ್ಟು ಡಿಸ್ಕ್ ಜಾಗ) 2 ಜಿಬಿ ಮಾತ್ರ ಉಳಿದಿದೆ. ಇಲ್ಲಾ ರೀಡ್ ಓನ್ಲಿ ಜೊತೆ ‘ನೋರಿಕವರಿ’ (ಜರ್ನಲ್ ರೀಪ್ಲೇ ಬೇಡ ಅನ್ನುವ ಆಪ್ಷನ್) ಕೊಟ್ಟು ಫೋಲ್ಡರ್ ಕಾಪಿ ಮಾಡಿಕೊಳ್ಳಲೇ? ಹಾಗೆ ಮಾಡಿದರೆ ಕೊನೆಯಲ್ಲಿ ಬರೆದ ಫೈಲುಗಳು ಅರೆಬರೆ ಬರುತ್ತವಾ?

ಮಾಡಿ ನೋಡಿದವರು ದಯವಿಟ್ಟು ಹೇಳಿ. ಸದ್ಯಕ್ಕೆ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ನಿಲ್ಲಿಸಿ, ಹಳೇ ಬಿಲ್ ಪುಸ್ತಕ, ಕಾರ್ಬನ್ ಹಾಳೆ ಹೊರಗೆ ತೆಗೆದಿದ್ದೇನೆ.